ಮ್ಯೂನಿಕ್ ಕಲಾಶಾಲೆಯ ನೂತನ ಆಭರಣಗಳು

ಜರ್ಮನಿ ದೇಶದ ಮ್ಯೂನಿಕ್ ನಗರದಲ್ಲಿರುವ ಲಲಿತಕಲೆಗಳ ಮಹಾಶಾಲೆಯು ೧೮೦೮ರಲ್ಲಿ ಸ್ಥಾಪಿತವಾದುದು. ಚಿತ್ರಕಾರರೂ ಶಿಲ್ಪಿಗಳೂ ಅಭ್ಯಾಸಮಾಡುವ ಆ ಶಾಲೆಯಲ್ಲಿ ಆಭರಣಕಲೆಗೆಂದು ಒಂದು ಪ್ರತ್ಯೇಕ ವರ್ಗವುಂಟು. ಶಾಲೆಗೆ ೨೦೦ ವರ್ಷ ತುಂಬಿದ ೨೦೦೮ರಲ್ಲಿ ಆ ವರ್ಗದ ಕೃತಿಗಳು ಅದೇ ನಗರದ ಪಿನಕೊಥೆಕ್ ಡೆರ್ ಮೊಡೆರ್ನೆ ಎಂಬ ವಸ್ತುಸಂಗ್ರಹಾಲಯದಲ್ಲಿ ಪ್ರದರ್ಶಿತವಾದುವು. ಪ್ರದರ್ಶನದ ಹೆಸರನ್ನು ಕನ್ನಡಿಸಿದರೆ "ಹುಚ್ಚಿನ ಕೊಬ್ಬಿದ ಕೊಳ್ಳೆ" ಎಂದಾಗುತ್ತದೆ. ಅಕ್ಕಸಾಲೆಯ ಕುಸುರಿಗೆ ಇಂಥ ಹೆಸರು ಸಲ್ಲುವುದೆ ಎಂದು ಹುಬ್ಬುಗಂಟಿಕ್ಕುವವರು ಇರಬಹುದು. ಆದರೆ ಆ ವರ್ಗದ ಗುರುಶಿಷ್ಯರು ಅರ್ಧ ಶತಮಾನದಿಂದ ಕೈಗೊಂಡಿರುವ ಪ್ರಯತ್ನವು ಹುಡುಗಾಟದ್ದಲ್ಲ. ಲೋಹದ ಬೆಲೆಯನ್ನೂ ರತ್ನದ ಕಾಂತಿಯನ್ನೂ ಕಳೆದ ಮೇಲೆ ಒಡವೆಯಲ್ಲಿ ಒಡವೆತನವೆಂಬುದು ಉಳಿಯುವುದೆ, ಉಳಿದರೆ ಅದು ಯಾವುದು ಎಂಬುದೇ ಅವರ ಪ್ರಶ್ನೆ.

ಈ ಪ್ರಶ್ನೆಯು ಕನ್ನಡ ವಾಚಕರಿಗೆ ತೀರ ಅಪರಿಚಿತವೆನ್ನುವಂತಿಲ್ಲ. ಅಲಂಕಾರವೆಂಬ ಒಂದೇ ಮಾತು ಮೈಯ ಒಡವೆಗೂ ಕಾವ್ಯದ ಉಪಮೆ ರೂಪಕಗಳಿಗೂ ಸಲ್ಲುತ್ತಿರುವುದರಿಂದ, ಕಾವ್ಯಮೀಮಾಂಸೆಯ ಆಚಾರ್ಯರು ಒಡವೆಯ ವಿಷಯವನ್ನೂ ಆಲೋಚಿಸಬೇಕಾಯಿತು. ಆನಂದವರ್ಧನನು ಕಾವ್ಯಾಲಂಕಾರಗಳನ್ನು ಅಂಗಗಳನ್ನು ಆಶ್ರಯಿಸಿದ ಕಡಗ ಮೊದಲಾದುವುಗಳಿಗೆ ಹೋಲಿಸಿದನು. ಅವನ ಗ್ರಂಥಕ್ಕೆ ವ್ಯಾಖ್ಯಾನವನ್ನು ಬರೆದ ಅಭಿನವಗುಪ್ತನು ಇನ್ನೂ ಒಂದು ಹೆಜ್ಜೆ ಮುಂದೆ ಹೋದನು: ಶವಕ್ಕೆ ಕುಂಡಲವನ್ನು ತೊಡಿಸಿದರೆ ಅದು ಶೋಭಿಸದು, ಅಲಂಕರಿಸತಕ್ಕ ಚೇತನವೇ ಅಲ್ಲಿಲ್ಲ, ಸಂನ್ಯಾಸಿಗೆ ಕಡಗವನ್ನು ತೊಡಿಸಿದರೆ ನಗೆಗೀಡು, ಅಲ್ಲಿ ಔಚಿತ್ಯವಿಲ್ಲ. ಒಡವೆಯ ಸೊಬಗು ಧರಿಸಿದ ಜೀವಕ್ಕೂ ಒಡವೆಗೂ ಇರುವ ಸಂಬಂಧದಲ್ಲಿದೆ ಎಂಬುದು ಇದರ ತಾತ್ಪರ್ಯ. ಮ್ಯೂನಿಕ್ಕಿನ ಕೃತಿಗಳನ್ನು ಈ ಅಳತೆಗೋಲಿನಿಂದ ಅಳೆದರೆ ಅವುಗಳ ಗುಣವೂ ದೋಷವೂ ಸ್ಪಷ್ಟವಾಗುತ್ತವೆ.

ಈ ಪರಂಪರೆಗೆ ತಳಹದಿಯನ್ನು ಹಾಕಿದವರಲ್ಲಿ ಮುಖ್ಯರು, ೧೯೭೨ರಿಂದ ೧೯೯೦ರವರೆಗೆ ಅಲ್ಲಿ ಪ್ರಾಧ್ಯಾಪಕರಾಗಿದ್ದ ಹೆರ್ಮಾನ್ ಯೂಂಗರ್. ಅವರು ಚಿನ್ನವನ್ನು ತೊರೆದವರಲ್ಲ. ಆದರೆ ಜಲವರ್ಣದಲ್ಲಿ ಬರೆದುಕೊಂಡ ಚಿತ್ರದ ಸಡಿಲವಾದ ಗೆರೆಯನ್ನೇ ಲೋಹಕ್ಕೂ ತರಬಯಸಿ, ಯಂತ್ರದ ನುಣುಪನ್ನು ಬಿಟ್ಟು ಕೈಯ ಗುರುತನ್ನು ಉಳಿಸಿದರು. ಅವರ ಕೆಲವು ಕಂಠಾಭರಣಗಳು ಪೆಟ್ಟಿಗೆಯೊಂದರಲ್ಲಿ ಜೋಡಿಸಿಟ್ಟ ಬಿಡಿಬಿಡಿಯಾದ ತುಣುಕುಗಳು. ಯಾವುದನ್ನು ಪೋಣಿಸಬೇಕು, ಯಾವುದನ್ನು ಬಿಡಬೇಕು ಎಂಬುದು ಧರಿಸುವವರ ಇಚ್ಛೆಗೆ ಸೇರಿದ್ದು. ಹೀಗೆ ಒಡವೆಯನ್ನು ತೊಡುವವಳು ಅದರ ಕರ್ತೃತ್ವದಲ್ಲಿಯೂ ಪಾಲುಗಾರಳಾದಳು.

ಯೂಂಗರರ ಶಿಷ್ಯರೂ, ೧೯೯೧ರಿಂದ ೨೦೧೪ರವರೆಗೆ ಅದೇ ವರ್ಗದ ಆಚಾರ್ಯರೂ ಆಗಿದ್ದವರು ಸ್ವಿಟ್ಜರ್ಲೆಂಡಿನ ಓಟೊ ಕ್ಯೂನ್‌ಟ್ಸ್ಲಿ. ಅವರು ೧೯೮೦ರಲ್ಲಿ ಮಾಡಿದ ಬಳೆಯೊಂದು ಈ ಇಡೀ ಪಂಥಕ್ಕೆ ಸೂತ್ರಪ್ರಾಯವಾಗಿದೆ. ನೋಟಕ್ಕೆ ಅದು ಕರಿಯ ರಬ್ಬರಿನ ಒಂದು ಕೊಳವೆ. ಒಂದು ಕಡೆ ಮಾತ್ರ ಸ್ವಲ್ಪ ಉಬ್ಬಿದೆ. ಆ ಉಬ್ಬಿನೊಳಗೆ ಚಿನ್ನದ ಗುಂಡೊಂದು ಅಡಗಿದೆ. "ಹೊನ್ನು ಕುರುಡುಮಾಡುತ್ತದೆ" ಎಂಬುದು ಬಳೆಯ ಹೆಸರು. ಕೊಂಡವನು ಚಿನ್ನವನ್ನು ಕಾಣಲಾರನು. ಒಳಗಿದೆಯೆಂಬ ಮಾತನ್ನು ನಂಬಬೇಕು. ನಂಬದೆ ರಬ್ಬರನ್ನು ಕೊಯ್ದು ನೋಡಿದರೆ ಚಿನ್ನವು ಸಿಕ್ಕುವುದು, ಕೃತಿಯು ನಾಶವಾಗುವುದು. ಬೇರೆ ಒಡವೆಗಳಲ್ಲಿ ಚಿನ್ನವು ನೋಡುವವರಿಗಾಗಿ ಇರುತ್ತದೆ. ಇಲ್ಲಿ ಅದು ಧರಿಸಿದವಳಿಗೂ ಮಾಡಿದವನಿಗೂ ನಡುವಣ ಒಂದು ವಿಶ್ವಾಸವಾಗಿ ಮಾತ್ರ ಇದೆ. ಹೊಳಪನ್ನು ಕಳೆದುಕೊಂಡ ಹೊನ್ನು ಅರ್ಥವನ್ನು ಪಡೆಯಿತು. ಇದು ಬರಿಯ ಚಮತ್ಕಾರವೆಂದು ಹೇಳುವವರು ಬಳೆಯು ಕೈಯಲ್ಲಿರುವಾಗ ತೊಟ್ಟವಳ ಮನಸ್ಸಿನಲ್ಲಿ ನಡೆಯುವ ವ್ಯಾಪಾರವನ್ನು ಗಣಿಸಿದವರಲ್ಲ.

ಅದೇ ಕಲಾವಿದರು ಅದೇ ವರ್ಷ ಮಾಡಿದ ಮತ್ತೊಂದು ಕೃತಿ ಇಬ್ಬರಿಗಾಗಿ ಮಾಡಿದ ಉಂಗುರ. ಉಕ್ಕಿನ ಸರಳೊಂದರ ಎರಡು ತುದಿಗಳಲ್ಲಿ ಎರಡು ಉಂಗುರಗಳು. ಇಬ್ಬರು ತೊಟ್ಟರೆ ಒಬ್ಬರನ್ನೊಬ್ಬರು ಬಿಟ್ಟುಹೋಗುವಂತಿಲ್ಲ, ಸರಳಿನ ಅಳತೆಗಿಂತ ಹತ್ತಿರ ಬರುವುದೂ ಸುಲಭವಲ್ಲ. ದಾಂಪತ್ಯದ ವಿಷಯವಾಗಿ ಇಷ್ಟು ಕಡಮೆ ಲೋಹದಲ್ಲಿ ಇಷ್ಟು ಹೇಳಿದ ಒಡವೆಗಳು ವಿರಳ. ಇದಕ್ಕಿಂತ ಗಂಭೀರವಾದುದು ೧೯೮೫-೮೬ರ ಸರ. ೧೮೮೧ರಿಂದ ೧೯೮೧ರವರೆಗಿನ ನೂರು ವರ್ಷಗಳಿಗೆ ಸೇರಿದ, ಬೇರೆ ಬೇರೆ ಜನರು ತೊಟ್ಟು ಸವೆಸಿದ ೪೮ ಮದುವೆಯುಂಗುರಗಳನ್ನು ಕೊಂಡಿಗೆ ಕೊಂಡಿ ಬೆಸೆದು ಆ ಸರವನ್ನು ಮಾಡಿದೆ. ತೂಕಕ್ಕೆ ಇಟ್ಟರೆ ಅದು ಚಿನ್ನವೇ; ಕೊರಳಿಗೆ ಹಾಕಿಕೊಳ್ಳಬಲ್ಲವರು ಎಷ್ಟು ಮಂದಿ? ಪರರ ತಾಳಿಗಳನ್ನು ಪೋಣಿಸಿದ ಸರವನ್ನು ಕನ್ನಡನಾಡಿನ ಗೃಹಿಣಿಯ ಮುಂದೆ ಇಟ್ಟರೆ ಅವಳ ಕೈ ಹೇಗೆ ಹಿಂದೆಗೆಯುವುದೋ ಹಾಗೆಯೇ ನೋಡಿದವರ ಕೈ ಇಲ್ಲಿಯೂ ಹಿಂದೆಗೆಯುತ್ತದೆ. ಧರಿಸಲಾಗದಿರುವುದೇ ಈ ಸರದ ಅರ್ಥ. ಅಭಿನವಗುಪ್ತನು ಹೇಳಿದ ಅನೌಚಿತ್ಯವು ಇಲ್ಲಿ ನಗೆಗೆ ಎಡೆಗೊಡದೆ, ಗತಿಸಿದ ಬಾಳುಗಳ ನೆನಪಾಗಿ ಕರುಣವನ್ನು ಹುಟ್ಟಿಸುತ್ತದೆ.

ಶಿಷ್ಯರ ಕಡೆಗೆ ತಿರುಗಿದರೆ ವೈವಿಧ್ಯವು ಹೆಚ್ಚು, ಸಮತೆಯು ಕಡಮೆ. ಕಾರ್ಲ್ ಫ್ರಿಚ್ ಅವರ ಉಂಗುರಗಳಲ್ಲಿ ಮೇಣವನ್ನು ಅದುಮಿದ ಬೆರಳಿನ ಗುರುತು ಲೋಹದಲ್ಲಿ ಹಾಗೆಯೇ ಉಳಿದಿರುತ್ತದೆ. ಹರಳುಗಳು ಅಂದವಾದ ಕೂಡಿನಲ್ಲಿ ಕೂರದೆ ರಾಶಿಬಿದ್ದಿರುತ್ತವೆ. ಒರಟಾದರೂ ಅವು ಬೆರಳನ್ನು ಮರೆತಿಲ್ಲ. ಡೇವಿಡ್ ಬೀಲಾಂಡರ್ ಅವರ ಬಳೆಗಳು ರಟ್ಟಿನ ಪೆಟ್ಟಿಗೆಯ ಚೂರನ್ನು ಸುತ್ತಿ ತಂತಿಯ ಪಿನ್ನಿನಿಂದ ಕೂಡಿಸಿದಂತೆ ಕಾಣುತ್ತವೆ. ಕೈಗೆ ತೆಗೆದುಕೊಂಡಾಗ ತೂಕವು ಗುಟ್ಟನ್ನು ಹೇಳುತ್ತದೆ: ರಟ್ಟು ಬಣ್ಣಗಟ್ಟಿಸಿದ ಬೆಳ್ಳಿ, ಪಿನ್ನು ಬಿಳಿಯ ಚಿನ್ನ. ಗುರುವು ಚಿನ್ನವನ್ನು ರಬ್ಬರಿನೊಳಗೆ ಅಡಗಿಸಿದರು; ಶಿಷ್ಯರು ಬೆಳ್ಳಿಗೇ ಬಡತನದ ವೇಷವನ್ನು ಹಾಕಿದರು. ಕೈಗೆಲಸದ ನೈಪುಣ್ಯದಲ್ಲಿ ಇದು ಯಾವ ಪ್ರಾಚೀನ ಕುಸುರಿಗೂ ಕಡಮೆಯಲ್ಲ. ನ್ಯೂಜಿಲೆಂಡಿನ ಲೀಸಾ ವಾಕರ್ ಅವರದು ಇದಕ್ಕೆ ವಿರುದ್ಧವಾದ ದಾರಿ. ಹಳೆಯ ಮೊಬೈಲ್ ಫೋನುಗಳನ್ನು ಪೋಣಿಸಿ ಅವರು ೨೦೦೯ರಲ್ಲಿ ಕಂಠಹಾರವನ್ನು ಮಾಡಿದರು. ಅದರ ಧೈರ್ಯವನ್ನು ಮೆಚ್ಚಬಹುದು. ಆದರೆ ಫೋನಿನ ಹಾರವು ಹೇಳುವುದನ್ನೆಲ್ಲ ಮೊದಲ ನೋಟದಲ್ಲಿಯೇ ಹೇಳಿ ಮುಗಿಸುತ್ತದೆ. ತೊಟ್ಟರೂ ಬಿಟ್ಟರೂ ಅದರ ಅರ್ಥವು ಬದಲಾಗುವುದಿಲ್ಲ.

ಈ ಪಂಥದ ಮುಖ್ಯ ದೋಷವು ಇಲ್ಲಿಯೇ ಇರುವುದು. ಯಾವ ಕೃತಿಯು ಧರಿಸುವವರನ್ನು ಬೇಡುವುದಿಲ್ಲವೋ ಅದನ್ನು ಚಿಕ್ಕ ಶಿಲ್ಪವೆಂದು ಕರೆದು ಪೀಠದ ಮೇಲೆ ಇಡುವುದು ಪ್ರಾಮಾಣಿಕವಾದ ಮಾರ್ಗ. ಒಡವೆಯ ಹೆಸರಿಗೆ ಅದು ಹಕ್ಕುದಾರನಾಗಲಾರದು. ಗಾಜಿನ ಪೆಟ್ಟಿಗೆಯು ಈ ವ್ಯತ್ಯಾಸವನ್ನು ಮುಚ್ಚಿಡುತ್ತದೆ. ಅಭಿನವಗುಪ್ತನ ದೃಷ್ಟಾಂತದಲ್ಲಿ ಕುಂಡಲವುಂಟು, ಜೀವವಿಲ್ಲ. ಪ್ರದರ್ಶನಶಾಲೆಯಲ್ಲಿ ಶರೀರವೂ ಇಲ್ಲ. ಆ ಕೊರತೆಯನ್ನು ತುಂಬಲು ಪಕ್ಕದಲ್ಲಿ ಉದ್ದವಾದ ವಿವರಣೆಯನ್ನು ಅಂಟಿಸುವುದು ವಾಡಿಕೆಯಾಗಿದೆ. ಟೀಕೆಯಿಲ್ಲದೆ ನಿಲ್ಲಲಾರದ ಪದ್ಯದಂತೆ, ವಿವರಣೆಯಿಲ್ಲದೆ ನಿಲ್ಲಲಾರದ ಒಡವೆಯೂ ದುರ್ಬಲವೇ. ರಬ್ಬರಿನ ಬಳೆಗೆ ಬೇಕಾದುದು ಅದರ ಹೆಸರೊಂದೇ. ಅಷ್ಟು ಮಾತು ಸಾಕಾಗುವ ಕೃತಿಗಳು ಮಾತ್ರ ಬಹುಕಾಲ ಬಾಳುತ್ತವೆ.

ಚಿನ್ನವನ್ನು ಹಳಿಯುವುದು ಸುಲಭವಾದ ತತ್ತ್ವಜ್ಞಾನ. ಹೆಣ್ಣುಮಕ್ಕಳಿಗೆ ತಮ್ಮದೆಂದು ಹೇಳಿಕೊಳ್ಳಲು ಮೈಮೇಲಿನ ಒಡವೆಯ ಹೊರತು ಮತ್ತೇನೂ ಇಲ್ಲದ ಮನೆಗಳಲ್ಲಿ ಚಿನ್ನವು ಆಪತ್ಕಾಲದ ಬುತ್ತಿ. ಅದನ್ನು ವ್ಯಾಮೋಹವೆಂದು ನಗುವುದು ತಿಳಿವಳಿಕೆಯ ಲಕ್ಷಣವಲ್ಲ. ಮ್ಯೂನಿಕ್ಕಿನ ಉತ್ತಮ ಕೃತಿಗಳು ಹಾಗೆ ನಗುವುದಿಲ್ಲ. ಬುತ್ತಿಯಾಗಿ ಚಿನ್ನಕ್ಕಿರುವ ಬೆಲೆ ಬೇರೆ, ಅಲಂಕಾರವಾಗಿ ಅದಕ್ಕಿರುವ ಬೆಲೆ ಬೇರೆ ಎಂದು ಅವು ವಿಂಗಡಿಸಿ ತೋರಿಸುತ್ತವೆ. ೨೦೧೫ರಲ್ಲಿ ಆ ಪೀಠಕ್ಕೆ ಬಂದ ಕಾರೆನ್ ಪೊಂಟೊಪ್ಪಿಡಾನ್ ಅವರೂ ಕ್ಯೂನ್‌ಟ್ಸ್ಲಿಯವರ ಶಿಷ್ಯೆಯೇ. ಹೀಗೆ ಗುರುವಿನಿಂದ ಶಿಷ್ಯರಿಗೆ ಸಾಗಿಬಂದ ವಿದ್ಯೆಯು ಧರಿಸುವ ಜೀವವನ್ನು ಮರೆಯದಿದ್ದರೆ, ಅಕ್ಕಸಾಲೆಯ ಹಳೆಯ ಕಸುಬಿಗೆ ಹೊಸ ಮರ್ಯಾದೆಯು ಬರುವುದರಲ್ಲಿ ಸಂದೇಹವಿಲ್ಲ.