ತೂಕವೊಂದೇ ಗುಣವೇ?

1904ರ ಸೇಂಟ್ ಲೂಯಿಸ್ ವಸ್ತುಪ್ರದರ್ಶನದಲ್ಲಿ ಕೆನಡಾದ ವಿಲಿಯಂ ವಾರ್ನಾಕ್ ಅವರ ಕುಂಬಳಕಾಯಿ 403 ಪೌಂಡ್ ತೂಗಿತು. ಅದನ್ನು ಮೀರಿಸುವ ಕಾಯಿ ಬಂದದ್ದು 1976ರಲ್ಲಿ. ಆಮೇಲೆ ನೋವಾ ಸ್ಕೋಷಿಯಾದ ರೈತ ಹೋವರ್ಡ್ ಡಿಲ್ ವರ್ಷಗಟ್ಟಲೆ ಆಯ್ದು ಬೆಳೆಸಿದ 'ಅಟ್ಲಾಂಟಿಕ್ ಜೈಂಟ್' ತಳಿ ಹಬ್ಬಿತು. 2012ರಲ್ಲಿ ರಾನ್ ವ್ಯಾಲೇಸ್ 2,009 ಪೌಂಡ್ ಮುಟ್ಟಿದರು. ಈಗಿನ ದಾಖಲೆ 2,800 ಪೌಂಡನ್ನೂ ದಾಟಿದೆ. ಇದರಲ್ಲಿ ದೊಡ್ಡ ಪಾಲು ಹಿತ್ತಲಲ್ಲಿ ಬೆಳೆಯುವ ಹವ್ಯಾಸಿಗಳದು. ಆ ಶ್ರದ್ಧೆಗೆ ನನ್ನ ಪೂರ್ಣ ಗೌರವವಿದೆ.

ಅವರ ಕೆಲಸ ನೋಡಲೇ ಚೆಂದ. ನಾಳೆ ಅರಳುವ ಮೊಗ್ಗುಗಳನ್ನು ಸಂಜೆಯೇ ಗುರುತಿಸಿ ದಾರ ಕಟ್ಟುತ್ತಾರೆ. ಬುಡದಲ್ಲಿ ಪುಟ್ಟ ಮಿಡಿ ಇದ್ದರೆ ಹೆಣ್ಣುಹೂ, ಬರೀ ತೊಟ್ಟಿದ್ದರೆ ಗಂಡು. ಬೆಳಗ್ಗೆ ಜೇನು ಬರುವ ಮೊದಲೇ ಗಂಡುಹೂವಿನ ಎಸಳು ಕಿತ್ತು, ಪರಾಗವನ್ನು ಹೆಣ್ಣುಹೂವಿಗೆ ಒರಸಿ, ಮತ್ತೆ ಕಟ್ಟಿಬಿಡುತ್ತಾರೆ. ತೂಕ, ಬೆಳೆದವರ ಹೆಸರು, ವರ್ಷ ಸೇರಿಸಿ ಬೀಜಕ್ಕೆ ಹೆಸರಿಡುತ್ತಾರೆ. ತಾಯಿ ಯಾವುದು, ತಂದೆ ಯಾವುದು ಎಂಬ ಲೆಕ್ಕವೂ ಜೊತೆಗಿರುತ್ತದೆ. ಇಷ್ಟು ಬಿಚ್ಚುಮನಸ್ಸಿನ ವಂಶಾವಳಿ ಬೇರೆ ತರಕಾರಿಗಳಲ್ಲಿ ನಾನು ಕಂಡಿಲ್ಲ.

ನನ್ನ ತಕರಾರು ಆಯ್ಕೆಯ ಬಗ್ಗೆ. ಅತಿ ಭಾರದ ಕಾಯಿಯ ಬೀಜವನ್ನು ಇನ್ನೊಂದು ಭಾರದ ಕಾಯಿಯ ಸಂತಾನದೊಂದಿಗೆ ಕೂಡಿಸುವುದೇ ರೂಢಿಯಾಗಿದೆ. ಬಳ್ಳಿಗೆ ಒಂದೇ ಕಾಯಿ ಬಿಡುತ್ತಾರೆ. ಆ ಒಂದು ಕಾಯಿಯ ತೂಕದಲ್ಲಿ ತಳಿಯ ಪಾಲೆಷ್ಟು, ಗೊಬ್ಬರ, ನೀರು, ಹವೆಯ ಪಾಲೆಷ್ಟು ಎಂದು ಬಿಡಿಸುವುದು ಹೇಗೆ? ಮಿಶ್ರ ತಂದೆತಾಯಿಯರ ಮಕ್ಕಳಾದ್ದರಿಂದ ಒಂದೇ ಕಾಯಿಯ ಎರಡು ಬೀಜಗಳೂ ಒಂದೇ ತೆರನಲ್ಲ. ತೂಕ ಏರಿತು, ನಿಜ. ಆಕಾರ ಚಪ್ಪಟೆಯಾಗಿ ಕುಸಿಯಿತು, ರುಚಿಯನ್ನಂತೂ ಯಾರೂ ಕೇಳಲಿಲ್ಲ.

ಗುಣ ನೆಲೆನಿಲ್ಲಬೇಕಾದರೆ ಸ್ವಪರಾಗವೇ ದಾರಿ. ಒಂದೇ ಬಳ್ಳಿಯ ಗಂಡುಹೂವನ್ನು ಅದೇ ಬಳ್ಳಿಯ ಹೆಣ್ಣುಹೂವಿಗೆ ಕೊಟ್ಟರೆ ಮಿಶ್ರಗುಣ ತಲೆಮಾರಿಗೆ ಅರ್ಧದಂತೆ ಇಳಿಯುತ್ತದೆ. ಆರನೆಯ ತಲೆಮಾರಿಗೆ ಉಳಿಯುವುದು 64ರಲ್ಲಿ ಒಂದು ಪಾಲು. ಮೆಕ್ಕೆಜೋಳ ಹೀಗೆ ಮಾಡಿದರೆ ಸೊರಗುತ್ತದೆ, ಕುಂಬಳ ಅಷ್ಟಾಗಿ ಸೊರಗುವುದಿಲ್ಲ. ಬೆಂಗಳೂರಿನ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ 'ಅರ್ಕಾ ಚಂದನ್' ಶುದ್ಧ ಸಾಲಿನ ಆಯ್ಕೆಯಿಂದಲೇ ಬಂದದ್ದು. ಎರಡು ಮೂರು ಕಿಲೋ ತೂಗುವ, ಕಿತ್ತಳೆ ತಿರುಳಿನ ಕಾಯಿ. ಬೇರೆ ಪರಾಗ ತಾಕದಂತೆ ಕಾಪಾಡಿದರೆ ಮುಂದಿನ ವರ್ಷವೂ ಅದೇ ಕಾಯಿ. ಸಂಕರ ಬೇಡವೆನ್ನುತ್ತಿಲ್ಲ. ಹೊಸ ಗುಣ ಬರುವುದು ಸಂಕರದಿಂದಲೇ, ಆದರೆ ಎರಡು ಸಂಕರಗಳ ನಡುವೆ ನಾಲ್ಕಾರು ತಲೆಮಾರು ತಳಿಯನ್ನು ಸೋಸುವ ತಾಳ್ಮೆ ಬೇಕು.

ಇದಕ್ಕಾಗಿ ಪಂದ್ಯವನ್ನೂ ಬಿಡಬೇಕಿಲ್ಲ. ಈ ವರ್ಷದ ಕಾಯಿಯನ್ನು ಉಬ್ಬಿಸುವುದು ತಾಯಿಬಳ್ಳಿ. ಪರಾಗ ಯಾರದೆಂಬುದರ ಗುರುತು ಉಳಿಯುವುದು ಒಳಗಿನ ಬೀಜದಲ್ಲಿ. ತಕ್ಕಡಿಗೇರುವ ಕಾಯಿಗೇ ಸ್ವಂತ ಪರಾಗ ಕೊಟ್ಟರೂ ಆ ದಿನದ ತೂಕಕ್ಕೆ ಕೊರತೆಯಾಗದು.