ಪತ್ತೇದಾರಿ ಚಿತ್ರಗಳೂ ನ್ಯಾಯದ ಪ್ರಮಾದವೂ

ಅಲ್ಪಧನದಿಂದ ಮಾಡಿದ ಚಲಚ್ಚಿತ್ರವೆಲ್ಲವೂ ಅಲ್ಪವಾದುದೆಂದು ತೀರ್ಮಾನಿಸುವುದು ಯುಕ್ತವಲ್ಲ. ಇಂಗ್ಲೆಂಡಿನಲ್ಲಿ 1927ರ ಕಾಯಿದೆಯು, ಸ್ವದೇಶದ ಚಿತ್ರಗಳನ್ನು ಇಂತಿಷ್ಟು ಪಾಲು ತೋರಿಸಲೇಬೇಕೆಂದು ವಿಧಿಸಿತು. ಆ ಪಾಲನ್ನು ತುಂಬಿಸುವುದಕ್ಕಾಗಿ ಸ್ವಲ್ಪ ಹಣದಲ್ಲಿ, ಸ್ವಲ್ಪ ಕಾಲದಲ್ಲಿ ಚಿತ್ರಗಳು ಸಿದ್ಧವಾಗತೊಡಗಿದುವು. ಇಂತಹ ಕೆಲಸಕ್ಕೆ ಕೊಲೆ ಕಳವುಗಳ ಕಥೆಗಳು ಬಹು ಅನುಕೂಲವಾದುವು. ಅವಕ್ಕೆ ಅರಮನೆ ಬೇಡ, ಸೈನ್ಯ ಬೇಡ. ಒಂದು ಕೊಠಡಿ, ಒಂದು ಬೀದಿಯ ತಿರುವು, ಒಂದು ದೀಪವಿದ್ದರೆ ಸಾಕು. ಯುದ್ಧಾನಂತರ ಲಂಡನ್ನಿನ ಮರ್ಟನ್ ಪಾರ್ಕ್ ಸ್ಟುಡಿಯೋವಿನಿಂದ 1953ರಿಂದ 1961ರವರೆಗೆ ‘ಸ್ಕಾಟ್ಲೆಂಡ್ ಯಾರ್ಡ್’ ಮಾಲೆಯೂ, 1960ರಿಂದ ಎಡ್ಗರ್ ವಾಲೆಸನ ಕಥೆಗಳ ಮಾಲೆಯೂ ಹೊರಬಂದುವು. ಮೊದಲಿನ ಚಿತ್ರಗಳು ಸುಮಾರು ಅರ್ಧ ಗಂಟೆಯವು, ಎರಡನೆಯವು ಸುಮಾರು ಒಂದು ಗಂಟೆಯವು. ಇಷ್ಟು ಸಂಕ್ಷೇಪದಲ್ಲಿ ವ್ಯರ್ಥಾಲಂಕಾರಕ್ಕೆ ಎಡೆಯೆಲ್ಲಿ? ಕ್ಷೇಮೇಂದ್ರನು ಕಾವ್ಯದ ಜೀವಿತವೆಂದು ಎಣಿಸಿದ ಔಚಿತ್ಯವು ಅಲ್ಲಿ ದಾರಿದ್ರ್ಯದಿಂದಲೇ ಸಿದ್ಧಿಸಿತೆನ್ನಬಹುದು.

ಹಾಗಾದರೆ ದೋಷವೆಲ್ಲಿರುವುದು? ಹಣದ ಕೊರತೆಯಲ್ಲಿ ಅಲ್ಲ; ಸಂದೇಹದ ಕೊರತೆಯಲ್ಲಿ. ಈ ಚಿತ್ರಗಳಲ್ಲಿ ಪ್ರಾಯಶಃ ಪೋಲೀಸರು ಕೊನೆಗೆ ಹಿಡಿದವನೇ ಅಪರಾಧಿ. ಲೋಕದಲ್ಲಿ ಹಾಗಿಲ್ಲ. ತನ್ನ ಶಿಶುವನ್ನು ಕೊಂದನೆಂದು ತಿಮೋತಿ ಇವಾನ್ಸ್ ಎಂಬವನು 1950ರಲ್ಲಿ ಅದೇ ಲಂಡನ್ನಿನಲ್ಲಿ ನೇಣಿಗೆ ಹೋದನು. ಆತನಿದ್ದ ಮನೆಯಲ್ಲಿಯೇ ವಾಸವಾಗಿದ್ದು, ಆತನಿಗೆ ವಿರುದ್ಧವಾಗಿ ಸಾಕ್ಷಿ ನುಡಿದಿದ್ದ ಕ್ರಿಸ್ಟಿ ಎಂಬವನು ಹಲವು ಹೆಂಗಸರನ್ನು ಕೊಂದವನೆಂದು 1953ರಲ್ಲಿ ಬೈಲಾಯಿತು. ಇವಾನ್ಸನಿಗೆ ಕ್ಷಮೆ ದೊರೆತುದು 1966ರಲ್ಲಿ! ಸತ್ತವನಿಗೆ ಆ ಕ್ಷಮೆಯಿಂದೇನು?

ಶೂದ್ರಕನು ಈ ಭಯವನ್ನು ಬಲ್ಲವನು. ‘ಮೃಚ್ಛಕಟಿಕ’ದ ಎಂಟನೆಯ ಅಂಕದಲ್ಲಿ ಶಕಾರನು ವಸಂತಸೇನೆಯ ಕತ್ತು ಹಿಸುಕುವುದನ್ನು ಪ್ರೇಕ್ಷಕನು ಕಣ್ಣಾರೆ ಕಾಣುವನು, ಗುಟ್ಟೆಂಬುದೇ ಇಲ್ಲ. ಒಂಬತ್ತನೆಯ ಅಂಕದಲ್ಲಿ ಮೈತ್ರೇಯನ ಕಂಕುಳಿನಿಂದ ಒಡವೆಗಳು ಉದುರುವುವು. ಅಧಿಕರಣಿಕನು ದುಷ್ಟನಲ್ಲದಿದ್ದರೂ ಚಾರುದತ್ತನೇ ಕೊಲೆಗಾರನೆಂಬ ನಿರ್ಣಯಕ್ಕೆ ಬರುವನು. ರಾಜನು ವಧೆಯನ್ನು ವಿಧಿಸುವನು. ಪತ್ತೇದಾರಿ ಕಥೆಯಲ್ಲಿ ಗುಟ್ಟು ಒಡೆದೊಡನೆ ಕುತೂಹಲವು ಸಾಯುವುದು. ಇಲ್ಲಿ ಗುಟ್ಟು ತಿಳಿದಿರುವುದರಿಂದಲೇ ಕರುಣವು ಹುಟ್ಟುವುದು.

ಕನ್ನಡ ಚಿತ್ರಲೋಕಕ್ಕೆ ಈ ಕಥೆಯು ಹೊಸದಾಗಿರಲಿಲ್ಲ. 1941ರಲ್ಲಿಯೇ ‘ವಸಂತಸೇನ’ ಚಿತ್ರವು ಬಂದಿದ್ದಿತು. ಆದರೆ 1968ರಲ್ಲಿ ದೊರೆ–ಭಗವಾನರು ‘ಜೇಡರ ಬಲೆ’ಯನ್ನು ಹೆಣೆದಾಗ, ಕಣ್ಣಮುಂದಿದ್ದುದು ಶೂದ್ರಕನಲ್ಲ, ಆಂಗ್ಲರ ಬಾಂಡ್ ಚಿತ್ರಗಳು. ಕಪ್ಪು ಬಿಳುಪಿನಲ್ಲಿಯೇ, ಪರದೇಶದವರ ಸಂಪತ್ತಿಲ್ಲದೆಯೇ, ರಾಜಕುಮಾರರನ್ನು 999ನೆಯ ಅಂಕಿತದ ಗುಪ್ತಚರನನ್ನಾಗಿ ಮಾಡಿ ಜನರನ್ನು ರಂಜಿಸಿದುದು ಸಾಮಾನ್ಯವಲ್ಲ. ಆ ಜಾಣ್ಮೆಯನ್ನು ಮೆಚ್ಚಲೇಬೇಕು. ಆದರೂ ಅಲ್ಲಿ ಮೆರೆಯುವುದು ನಾಯಕನ ಸಾಹಸವೇ. ನಿರಪರಾಧಿಯು ಕಟಕಟೆಯಲ್ಲಿ ನಿಂತು ನಡುಗುವ ಗಳಿಗೆಗೆ ಆ ಬಲೆಯಲ್ಲಿ ಎಡೆಯಿಲ್ಲ.

ಬಳ್ಳಾರಿಯ ರಾಘವಾಚಾರ್ಯರು (1880–1946) ನ್ಯಾಯಾಲಯದಲ್ಲಿ ವಕೀಲರು, ರಂಗದಲ್ಲಿ ನಟರು. ಅಂತಹವರು ಬಾಳಿದ ಊರಿನಲ್ಲಿ, ಠಾಣೆಯನ್ನು ದಿನವೂ ಕಾಣುವ ಬ್ರೂಸ್‌ಪೇಟೆಯ ಪ್ರೇಕ್ಷಕನು, ಕೊಂದವನಾರೆಂದು ಮಾತ್ರ ಕೇಳಿ ಮನೆಗೆ ಮರಳಬಾರದು. ಹಿಡಿದವರು ತಪ್ಪಿದ್ದರೆ ಗತಿಯೇನು ಎಂದೂ ಕೇಳಬೇಕು. ಆ ಪ್ರಶ್ನೆಯನ್ನು ಎಬ್ಬಿಸುವ ಚಿತ್ರವು ಎಷ್ಟು ಬಡದಾಗಿದ್ದರೂ ಸಹೃದಯರಿಗೆ ಗ್ರಾಹ್ಯವು.