ಸಂಪಾದಕರ ಸಾಕ್ಷ್ಯ

ಯೇಸುವಿನ ಪತ್ನಿಯನ್ನು ಪ್ರಸ್ತಾಪಿಸುವ ಕಾಪ್ಟಿಕ್ ಪಪೈರಸ್ ತುಣುಕೊಂದರ ಕುರಿತು ಕ್ಯಾರೆನ್ ಕಿಂಗ್ ಬರೆದ ಲೇಖನವನ್ನು ‘ಹಾರ್ವರ್ಡ್ ಥಿಯಲಾಜಿಕಲ್ ರಿವ್ಯೂ’ 2014ರಲ್ಲಿ ಪ್ರಕಟಿಸಿತು. ಅದೇ ಸಂಚಿಕೆಯಲ್ಲಿ ಖಂಡನೆಗೂ ಸ್ಥಳವಿತ್ತದ್ದು ಶ್ಲಾಘ್ಯ. ಆದರೆ ತುಣುಕಿನ ಮಾಲೀಕನ ಹೆಸರನ್ನು ಗೋಪ್ಯವಾಗಿಟ್ಟೇ ಪ್ರಕಟಿಸಿದ್ದು ಸರಿಯೇ? 2016ರಲ್ಲಿ ಪತ್ರಕರ್ತರೊಬ್ಬರು ಅದರ ಮೂಲವನ್ನು ಶೋಧಿಸಿದಾಗ, ಅದು ನಕಲಿಯಾಗಿರುವ ಸಂಭವವೇ ಹೆಚ್ಚೆಂದು ಕಿಂಗ್ ಅವರೇ ಒಪ್ಪಿಕೊಂಡರು. ಪತ್ರಿಕೆಯಾದರೋ, ತಾನೆಂದೂ ಅದರ ನೈಜತೆಯನ್ನು ಸಮರ್ಥಿಸಿರಲಿಲ್ಲವೆಂದು ಹೇಳಿ ಲೇಖನವನ್ನು ಹಿಂತೆಗೆಯಲಿಲ್ಲ.

ವಿದ್ವತ್ ಚರ್ಚೆಯ ದಾಖಲೆ ಅಳಿಯಬಾರದೆಂಬುದು ನಮಗೂ ಸಮ್ಮತ. ಆದರೆ ಹಿಂತೆಗೆದ ಲೇಖನ ಕಣ್ಮರೆಯಾಗುವುದಿಲ್ಲ. ಓದುಗರನ್ನು ಎಚ್ಚರಿಸುವ ಟಿಪ್ಪಣಿಯೊಂದಿಗೆ ಉಳಿಯುತ್ತದೆ. ಪತ್ರಿಕೆಯ ಉತ್ತರ ನಮಗೆ ಪಿಲಾತನು ಕೈತೊಳೆದುಕೊಂಡದ್ದನ್ನು ನೆನಪಿಸುತ್ತದೆ. ಸಂಪಾದಕರು ಅಚ್ಚಿಗೆ ಕೊಡುವ ಒಪ್ಪಿಗೆಯೂ ಒಂದು ಸಾಕ್ಷ್ಯವೇ. ಪಾಪನಿವೇದನೆಯನ್ನು ಬೋಧಿಸುವ ನಾವು ನಮ್ಮ ಪತ್ರಿಕೆಗಳ ತಪ್ಪನ್ನೂ ಅಚ್ಚಿನಲ್ಲಿಯೇ ನಿವೇದಿಸಬೇಕು.